ಆರೋಪಿ ಪರ ವಕೀಲಿಕೆ ಮಾಡ್ಬೇಕು ಅಂತಿದೀನಿ ಮೇಡಂ

ಪ್ರಶ್ನೆ: ಮೇಡಂ, ನಾನು ಬಿಕಾಂ ಕೊನೇ ವರ್ಷ. ಎಲ್‌ಎಲ್‌ಬಿ ಮಾಡಿ ಕ್ರಿಮಿನಲ್ ಸೈಡ್ ಪ್ರಾಕ್ಟೀಸ್ ಮಾಡೋ ಆಸೆ. ಅಪ್ಪ ಮಾತ್ರ ಕಳ್ರನ್ನ, ಕೊಲೆಗಾರ್ರನ್ನ ಬಿಡಿಸೋ ಕೆಲ್ಸ ನಮ್ಮನೆ ಹುಡ್ಗಿಗೆ ಬೇಡ, ಬ್ಯಾಂಕ್ ಎಕ್ಸಾಂ ಬರಿ ಅಂತಾರೆ. ಏನ್ ಮಾಡ್ಲಿ?
– ಓದುಗರು, ಮಧುಗಿರಿ

ಉತ್ತರ: ನೋಡಮ್ಮಾ, ತುಮಕೂರು ಕೋರ್ಟಲ್ಲಿ ಕರಿಕೋಟು ಹಾಕ್ದಾಗಿಂದ ಕಳ್ರನ್ನ ಯಾಕೆ ಬಿಡಿಸ್ತೀರಿ ಅಂತ ಜನ ನನ್ನ ಕೇಳ್ತಾನೇ ಇದಾರೆ, ಮದ್ವೆಮನೇಲೂ ಬಿಡಲ್ಲ. ಆರೋಪಿ ಬೇರೆ, ಅಪರಾಧಿ ಬೇರೆ ಅಂತ ಅಪ್ಪನಿಗೆ ಕೂತು ಹೇಳು. ನಮ್ಮ ಕಡೆ ಬದು ಒತ್ತಿದ್ರು ಅಂತ ಒಂದು ಗಲಾಟೆ ಆದ್ರೆ ಸಾಕು, ಕಂಪ್ಲೇಂಟಲ್ಲಿ ಮನೆಮಂದಿ ಹೆಸ್ರೆಲ್ಲಾ ಸೇರಿಸ್ಬಿಡ್ತಾರೆ, ಅವತ್ತು ಊರಲ್ಲೇ ಇಲ್ದಿದ್ದ ಅಳಿಯನ ಹೆಸ್ರೂ ಸೇರಿ. ಅವನ ಪರ ಯಾರು ನಿಲ್ಬೇಕು? ಅರೆಸ್ಟ್ ಆದೋರು ತಮಗೆ ಬೇಕಾದ ವಕೀಲರನ್ನ ಇಟ್ಕೋಬಹುದು ಅಂತ ಸಂವಿಧಾನದ 22ನೇ ವಿಧಿನೇ ಹೇಳತ್ತೆ. ಕೆಲವು ಕಡೆ ವಕೀಲರ ಸಂಘದೋರು ಇಂಥಾ ಆರೋಪಿ ಪರ ಯಾರೂ ವಕಾಲತ್ತು ಹಾಕ್ಬಾರ್ದು ಅಂತ ಠರಾವು ಮಾಡೋದುಂಟು, ಅದು ಕಾನೂನಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಇನ್ನು ಕ್ರಿಮಿನಲ್ ವಕೀಲಿಕೆ ಅಂದ್ರೆ ಸುಳ್ಳು ಹೇಳೋ ಕೆಲ್ಸ ಅಂತ ಜನ ಆಡೋ ಮಾತು. ಕೆಲ್ಸ ಇರೋದು ಚಾರ್ಜ್‌ಶೀಟ್ ಓದೋದ್ರಲ್ಲಮ್ಮಾ. ಮಹಜರು, ಅಂದ್ರೆ ಪೊಲೀಸ್ರು ಜಾಗದಲ್ಲಿ ಕಂಡಿದ್ದು ಸಿಕ್ಕಿದ್ದು ಬರೆಯೋ ಕಾಗದ, ಎಷ್ಟೊತ್ತಿಗೆ ಬರೆದ್ರು, ಅದಕ್ಕೆ ಸಾಕ್ಷಿ ನಿಂತ ಪಂಚರು ಯಾರು, ಸಿಕ್ಕಿದ ಮಚ್ಚಿಗೆ ಸೀಲ್ ಹಾಕಿದ್ರಾ, ಡಾಕ್ಟರ್ ಸರ್ಟಿಫಿಕೇಟಲ್ಲಿರೋ ಟೈಮಿಗೂ ಕಂಪ್ಲೇಂಟಲ್ಲಿರೋ ಟೈಮಿಗೂ ತಾಳೆ ಆಗತ್ತಾ, ಪೊಲೀಸ್ರ ಮುಂದೆ ಹೇಳದೇ ಇದ್ದಿದ್ದನ್ನ ಸಾಕ್ಷಿ ಕೋರ್ಟಲ್ಲಿ ಹೊಸ್ದಾಗಿ ಹೇಳ್ತಿದಾನಾ, ಇದನ್ನೆಲ್ಲಾ ರಾತ್ರಿ ಕೂತು ಹುಡುಕಿ ಬೆಳಗ್ಗೆ ಪಾಟೀ ಸವಾಲಲ್ಲಿ ಎದುರು ಕಡೆ ಸಾಕ್ಷಿಗೆ ಕೇಳ್ಬೇಕು. ಅನುಮಾನಕ್ಕೆ ಜಾಗ ಇಲ್ದಂಗೆ ಸಾಬೀತು ಮಾಡೋ ಭಾರ ಪ್ರಾಸಿಕ್ಯೂಷನ್ ಮೇಲಿರೋದು. ಸುಳ್ಳು ಸಾಕ್ಷಿ ರೆಡಿ ಮಾಡೋ ಆಫೀಸುಗಳೂ ಇದಾವೆ, ಅಂಥಾ ಕಡೆ ಜೂನಿಯರ್ ಆಗಿ ಹೋಗ್ಲೇಬೇಡ.

ಡಿಗ್ರಿ ಆದ್ಮೇಲೆ 3 ವರ್ಷದ ಎಲ್‌ಎಲ್‌ಬಿ, ತುಮಕೂರಲ್ಲೇ ವಿದ್ಯೋದಯ ಕಾಲೇಜಿದೆ. ಆಮೇಲೆ ರಾಜ್ಯ ವಕೀಲರ ಪರಿಷತ್ತಲ್ಲಿ ಎನ್‌ರೋಲ್ ಆಗ್ಬೇಕು, ಆಲ್ ಇಂಡಿಯಾ ಬಾರ್ ಎಕ್ಸಾಂ ಪಾಸಾಗ್ಬೇಕು. ಎನ್‌ರೋಲ್‌ಗೆ 750 ರೂಪಾಯಿ, ಎಸ್‌ಸಿ ಎಸ್‌ಟಿಯವರಿಗೆ 125, ಅದಕ್ಕಿಂತ ಜಾಸ್ತಿ ಫೀಸ್ ತಗೊಳ್ಳಂಗಿಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ, ಸ್ಟಾಂಪ್ ಡ್ಯೂಟಿ ಬೇರೆ.

ಪ್ರಶ್ನೆ: ಮೊದ್ಲ ವರ್ಷಗಳಲ್ಲಿ ಜೀವನ ಹೆಂಗೆ ಮೇಡಂ? ನಮ್ಮದು ರೇಷ್ಮೆ ನೂಲು ತೆಗೆಯೋ ಮನೆ, ದುಡ್ಡು ಅಷ್ಟಕ್ಕಷ್ಟೆ.
– ಓದುಗರು, ಶಿಡ್ಲಘಟ್ಟ

ಉತ್ತರ: ಕಷ್ಟ ಇದೆಯಪ್ಪಾ, ಮುಚ್ಚಿಡಲ್ಲ. ಎಷ್ಟೋ ಆಫೀಸಲ್ಲಿ ಜೂನಿಯರ್‌ಗೆ ಬಸ್ ಚಾರ್ಜ್ ಕೊಟ್ರೆ ಅದೇ ದೊಡ್ಡದು ಅನ್ನೋ ಪದ್ಧತಿ, ಇದು ತಪ್ಪು ಅಂತ ಸೀನಿಯರ್‌ಗಳ ಮುಖಕ್ಕೇ ಹೇಳ್ತೀನಿ, ಬಡವರ ಮನೆ ಮಕ್ಳು ಈ ಫೀಲ್ಡ್ ಬಿಟ್ಟು ಹೋಗೋದೇ ಇದ್ರಿಂದ. ದೊಡ್ಡ ಊರಿಗೆ ಓಡ್ದೇ ತಾಲ್ಲೂಕು ಕೋರ್ಟಲ್ಲೇ ಶುರು ಮಾಡು. ಜಾಮೀನು ಅರ್ಜಿ, ಶ್ಯೂರಿಟಿಯವರ ಪಹಣಿ, ಆಧಾರ್ ನೋಡಿ ಕಾಗದ ಸರಿ ಮಾಡೋದು, ಸಣ್ಣಪುಟ್ಟ ಹೊಡೆದಾಟದ ಕೇಸು, ಹಿಂಗೆ ಬೇಗ ಕೈಗೆ ಕೆಲ್ಸ ಸಿಗತ್ತೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೋಟಿಫಿಕೇಷನ್ ಮೇಲೂ ಕಣ್ಣಿಡು, ವಕೀಲರಿಗೆ ಫೀಸ್ ಕೊಡೋಕಾಗ್ದೇ ಇರೋ ಆರೋಪಿಗಳ ಪರ ವಾದ ಮಾಡೋಕೆ ಅಲ್ಲಿ ಚೀಫ್, ಡೆಪ್ಯುಟಿ, ಅಸಿಸ್ಟೆಂಟ್ ಅಂತ ಡಿಫೆನ್ಸ್ ಕೌನ್ಸೆಲ್‌ಗಳನ್ನ ತಿಂಗಳ ಸಂಬಳಕ್ಕೆ ತಗೋತಾರೆ. ಚೀಫ್ ಆಗೋಕೆ 10 ವರ್ಷ ಪ್ರಾಕ್ಟೀಸ್ ಬೇಕು, ಅಸಿಸ್ಟೆಂಟ್ ಪೋಸ್ಟು ಇರೋದೇ ಹೊಸಬರಿಗೆ.

ಪ್ರಶ್ನೆ: ಭಾರತೀಯ ನ್ಯಾಯ ಸಂಹಿತೆ ಬಂದ್ಮೇಲೆ ಹಳೇ ಐಪಿಸಿ ಓದ್ಬೇಕಾ?
– ಓದುಗರು, ಮುಳಬಾಗಿಲು

ಉತ್ತರ: ಓದ್ಲೇಬೇಕು. 2024ರ ಜುಲೈ 1ಕ್ಕಿಂತ ಹಿಂದೆ ನಡೆದ ಅಪರಾಧಕ್ಕೆ ಐಪಿಸಿನೇ, ಆ ಕೇಸುಗಳು ಇನ್ನೂ ಎಷ್ಟೋ ವರ್ಷ ನಡೀತವೆ. ಕೇಸು ನಡೆಸೋ ರೀತಿ ಹೇಳೋ ಸಿಆರ್‌ಪಿಸಿ ಜಾಗಕ್ಕೂ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದಿದೆ. ನಿರೀಕ್ಷಣಾ ಜಾಮೀನು, ಅಂದ್ರೆ ಅರೆಸ್ಟಿಗೆ ಮುಂಚೇನೇ ಕೇಳೋ ಜಾಮೀನು, ಸಿಆರ್‌ಪಿಸಿಯಲ್ಲಿ 438, ಈಗ ಬಿಎನ್‌ಎಸ್‌ಎಸ್‌ನಲ್ಲಿ 482. ಹಳೇ 167 ಈಗ 187, ಇದನ್ನಂತೂ ಬಾಯಿಪಾಠ ಮಾಡು. ಕೇಸಿನ ಸೆಕ್ಷನ್ ನೋಡ್ಕೊಂಡು 60 ಇಲ್ಲಾ 90 ದಿನದೊಳಗೆ ಪೊಲೀಸ್ರು ಚಾರ್ಜ್‌ಶೀಟ್ ಹಾಕ್ಲಿಲ್ಲ ಅಂದ್ರೆ ಜೈಲಲ್ಲಿರೋನಿಗೆ ಜಾಮೀನು ಹಕ್ಕಾಗಿ ಸಿಗತ್ತೆ, ಆದ್ರೆ ಅರ್ಜಿ ಹಾಕೋಕೆ ಮುಂಚೆ ಚಾರ್ಜ್‌ಶೀಟ್ ಬಂದ್ಬಿಟ್ರೆ ಆ ಹಕ್ಕು ಹೋಯ್ತು. ಹಂಗಾಗಿ ರಿಮ್ಯಾಂಡ್ ಆದ, ಅಂದ್ರೆ ಕೋರ್ಟು ಆರೋಪಿನ ಕಸ್ಟಡಿಗೆ ಕೊಟ್ಟ ತಾರೀಕು ಡೈರೀಲಿ ಬರೆದಿಟ್ಕೊಂಡು ದಿನ ಎಣಿಸ್ತಾ ಇರು, ಅವಧಿ ಮುಗಿದ ಮಾರನೇ ಬೆಳಗ್ಗೆನೇ ಅರ್ಜಿ ಕೋರ್ಟಲ್ಲಿರ್ಬೇಕು.