ಎಂಎಸ್ ಮಾತ್ರೆ ತಗೊಂಡರೂ ಮೈಯೊಳಗಿನ ಕಂಪನ ನಿಲ್ಲುತ್ತಿಲ್ಲ. ಮನೆಯವರು "ಎಲ್ಲಾ ನಿನ್ನ ಮನಸ್ಸಿನದ್ದು" ಅಂತಾರೆ. ಮಾತ್ರೆ ಬಿಟ್ಟುಬಿಡಬಹುದಾ?

ದಯವಿಟ್ಟು ಬಿಡಬೇಡಿ. ಇದೇ ಕಾರಣಕ್ಕೆ ನಾನು ಬಿಟ್ಟಿದ್ದೆ.

ನನಗೂ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ, ಅಂದರೆ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ರೋಗ. ನನ್ನ ಕಂಪನ ಎಡ ತೊಡೆಯಿಂದ ಹೊಟ್ಟೆಯವರೆಗೆ, ಜೇಬಿನಲ್ಲಿ ಫೋನ್ ವೈಬ್ರೇಟ್ ಆದ ಹಾಗೆ. ಹಗಲು ಕೆಲಸದ ನಡುವೆ ಅಷ್ಟು ಗೊತ್ತಾಗುವುದಿಲ್ಲ, ರಾತ್ರಿ ಮಲಗಿದರೆ ಶುರು. ಒಮ್ಮೆ ಹೊಟ್ಟೆ ಮೇಲೆ ನೀರಿನ ಲೋಟ ಇಟ್ಟುಕೊಂಡು, ಉಸಿರು ಬಿಗಿ ಹಿಡಿದು ನೋಡಿದೆ. ಒಳಗೆ ಗುಂಯ್ ಅನ್ನುತ್ತಲೇ ಇತ್ತು. ನೀರು ಮಾತ್ರ ಒಂಚೂರೂ ಅಲುಗಲಿಲ್ಲ.

ಅಲುಗುವುದೂ ಇಲ್ಲ. ಇಲ್ಲಿ ಸ್ನಾಯು ನಡುಗುತ್ತಿಲ್ಲ. ನರದ ಮೇಲಿನ ಮೈಲಿನ್ ಪದರ ಹಾಳಾದ ಕಡೆ ತಪ್ಪು ಸಂಕೇತ ಹುಟ್ಟುತ್ತದೆ, ಮೆದುಳಿಗೆ ಅದು ನಡುಕದ ಹಾಗೆ ಅನಿಸುತ್ತದೆ ಅಂತ ನನ್ನ ನರತಜ್ಞರು ವಿವರಿಸಿದರು. ಮನೆಯವರು "ಎಲ್ಲಾ ನಿನ್ನ ಮನಸ್ಸಿನದ್ದು" ಅಂತಾರೆ ಎಂದು ಬರೆದಿದ್ದೀರಿ, ಅಲ್ವಾ? 2015ರ ಒಂದು ಅಧ್ಯಯನದಲ್ಲಿ ಎಂಎಸ್ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಒಳಗಿನ ನಡುಕ ಇದೆ ಎಂದು ಹೇಳಿದ್ದರು. ಮನೆಯವರಿಗೆ ಇದನ್ನು ತೋರಿಸಿ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಮಾತ್ರೆ ಶುರುವಾಗಿ ತುಂಬಾ ಕಾಲ ಆಗಿತ್ತು, ಕಂಪನ ಹಾಗೇ ಇತ್ತು. ಎಂಆರ್‌ಐ ಮಾಡಿಸಿದಾಗ ಹೊಸ ಕಲೆ, ಅಂದರೆ ಹೊಸ ಗಾಯದ ಗುರುತು, ಒಂದೂ ಇರಲಿಲ್ಲ. ಮಾತ್ರೆ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಬೇಕಿರಲಿಲ್ಲ. ನಾನು ಅದನ್ನು ಉಲ್ಟಾ ಓದಿದೆ: ರೋಗ ಸುಮ್ಮನಾಗಿದೆ, ಕಂಪನಕ್ಕೆ ಮಾತ್ರೆ ನಾಟುತ್ತಿಲ್ಲ, ಹಾಗಾದರೆ ಇದನ್ನು ಯಾಕೆ ನುಂಗಬೇಕು? ಯಾರಿಗೂ ಹೇಳಲಿಲ್ಲ. ಪ್ರತಿ ಸಲ ಮಾತ್ರೆ ತಂದು ಡ್ರಾಯರ್‌ಗೆ ಹಾಕುತ್ತಿದ್ದೆ. ಬಿಟ್ಟ ಮೇಲೆ ಕಂಪನ ಜಾಸ್ತಿಯೂ ಆಗಲಿಲ್ಲ, ಕಮ್ಮಿಯೂ ಆಗಲಿಲ್ಲ. ಅದನ್ನೂ ನನ್ನ ಪರವಾದ ಸಾಕ್ಷಿ ಅಂದುಕೊಂಡೆ. ಕಂಪನ ಹಳೆಯ ಗಾಯದಿಂದ ಬರುತ್ತಿತ್ತು. ಮಾತ್ರೆ ಇದ್ದದ್ದು ಹೊಸ ಗಾಯ ತಡೆಯಲು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರಲಿಲ್ಲ.

ಆಮೇಲೆ ಒಂದು ಬೆಳಗ್ಗೆ ಬಲಗಣ್ಣು ಹೊರಳಿಸಿದರೆ ನೋವು. ಎರಡೇ ದಿನಕ್ಕೆ ಮಂಜು ಮುಸುಕಿತು. ಕಣ್ಣಿನ ನರದ ಉರಿಯೂತ. ಸ್ಟೆರಾಯ್ಡ್ ಡ್ರಿಪ್ ಹಾಕಿದರು. ದೃಷ್ಟಿ ಬಹುಪಾಲು ವಾಪಸ್ ಬಂತು. ಆದರೆ ಇವತ್ತಿಗೂ ಎಡಗಣ್ಣು ಮುಚ್ಚಿ ನೋಡಿದರೆ ಕೆಂಪು ಬಣ್ಣ ತೊಳೆದು ತೊಳೆದು ಮಾಸಿದ ಇಟ್ಟಿಗೆ ಬಣ್ಣದ ಥರ ಕಾಣುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಂಪನ ನೋಡಿ ಎಂಎಸ್ ಮಾತ್ರೆಗೆ ಅಂಕ ಕೊಡಬೇಡಿ. ಅದನ್ನು ಅಳೆಯುವುದು ಹೊಸ ಕಲೆ ಬಂತಾ, ರೋಗದ ಹೊಸ ದಾಳಿ ಆಯ್ತಾ ಅನ್ನುವುದರಿಂದ. ಕಂಪನಕ್ಕೆ ಬೇರೆಯೇ ಔಷಧಿ ಕೇಳಿ. ನರದ ಇಂಥ ತೊಂದರೆಗಳಿಗೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಥರದವನ್ನು ವೈದ್ಯರು ಕೊಟ್ಟು ನೋಡುತ್ತಾರೆ. ಎಲ್ಲರಿಗೂ ಆಗಿಬರುವುದಿಲ್ಲ, ತೂಕಡಿಕೆ ಬರುತ್ತದೆ. ರಾತ್ರಿ ತಗೊಳ್ಳುವ ಸಣ್ಣ ಡೋಸ್‌ನಿಂದ ನನಗೆ ನಿದ್ದೆ ಬರುತ್ತಿದೆ. ಕಂಪನ ಹೋಗಿಲ್ಲ, ಆದರೆ ಎಬ್ಬಿಸುವುದಿಲ್ಲ. ಥೈರಾಯ್ಡ್, ಬಿ12 ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಎಲ್ಲವನ್ನೂ ಎಂಎಸ್ ತಲೆಗೆ ಕಟ್ಟುವುದು ಬೇಡ.

ಮೈ ಬಿಸಿಯಾದಾಗ ಜಾಸ್ತಿ ಆಗುತ್ತಾ ಅಂತಲೂ ಗಮನಿಸಿ. ಮೈ ದಣಿದಾಗ ಎಂಎಸ್ ಇರುವವರ ಕಣ್ಣು ಮಂಜಾಗುವುದನ್ನು 1890ರಲ್ಲೇ ಊಟ್‌ಹೋಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು ಬರೆದಿಟ್ಟಿದ್ದಾರೆ. ಅದಕ್ಕೆ ಶಾಖ ಕಾರಣ ಅಂತ ಆಮೇಲೆ ಗೊತ್ತಾಯಿತು: ಮೈ ಶಾಖ ಏರಿದರೆ ಹಳೆಯ ಲಕ್ಷಣ ಕೆರಳುತ್ತದೆ, ತಣ್ಣಗಾದರೆ ಇಳಿಯುತ್ತದೆ. ಜ್ವರ, ಮೂತ್ರದ ಸೋಂಕು ಇದ್ದರೂ ಹೀಗೇ. ಅದು ಹೊಸ ದಾಳಿ ಅಲ್ಲ. ಆದರೆ ಜ್ವರ, ಸೋಂಕು ಏನೂ ಇಲ್ಲದೆ ಹೊಸದೊಂದು ಲಕ್ಷಣ 24 ಗಂಟೆ ಮೀರಿದರೆ ತಡಮಾಡದೆ ಡಾಕ್ಟರಿಗೆ ಫೋನ್ ಮಾಡಿ.

ಒಂದು ವೇಳೆ ಈಗಾಗಲೇ ಬಿಟ್ಟುಬಿಟ್ಟಿದ್ದರೆ, ನೀವೇ ಮತ್ತೆ ಶುರು ಮಾಡಬೇಡಿ. ಫಿಂಗೋಲಿಮಾಡ್ ಥರದ ಎಂಎಸ್ ಮಾತ್ರೆ ಕೆಲವು ದಿನ ತಪ್ಪಿದರೂ, ಮತ್ತೆ ಕೊಡುವಾಗ ಮೊದಲ ಡೋಸ್‌ನ ಹಾಗೆ ಹೃದಯ ಬಡಿತ ನೋಡುತ್ತಾ ಕೊಡಬೇಕಾಗಬಹುದು. ನಾಳೆಯೇ ಡಾಕ್ಟರಿಗೆ ಹೇಳಿ, ಯಾವತ್ತಿಂದ ಬಿಟ್ಟಿದ್ದೀರಿ ಅನ್ನುವುದನ್ನೂ ಸೇರಿಸಿ.