ನದಿ ದಂಡೆಯ ಪಾರ್ಕ್ ಜಾಗ ಖಾಸಗಿಯವರ ಪಾಲಾಗುವುದನ್ನು ನಿವಾಸಿಗಳು ತಡೆಯಬಹುದೇ?

ತಡೆಯಬಹುದು. ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಪಡಿಸುವ ಮಾಸ್ಟರ್ ಪ್ಲಾನ್‌ನಲ್ಲಿ ಆ ಜಾಗ ಉದ್ಯಾನವೆಂದು ಗುರುತಾಗಿದ್ದರೆ ನಿಮ್ಮ ವಾದಕ್ಕೆ ಗಟ್ಟಿ ನೆಲೆಯಿದೆ, ಏಕೆಂದರೆ ಹಾಗೆ ಕಾಯ್ದಿರಿಸಿದ ಜಾಗವನ್ನು ನಗರಾಭಿವೃದ್ಧಿ ಪ್ರಾಧಿಕಾರ ಮನಬಂದಂತೆ ಹಂಚುವಂತಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. ಆ ಹಂಚಿಕೆ ಸಲ್ಲದು, ಅದನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಅದು ನದಿ ದಂಡೆಯಲ್ಲ, ಆದರೆ ತತ್ವ ಒಂದೇ.

ಮೊದಲು ಸರ್ವೆ ನಂಬರ್ ಹಿಡಿದು, ಮಾಹಿತಿ ಹಕ್ಕಿನಡಿ ಪ್ಲಾನ್ ನಕ್ಷೆಯ ದೃಢೀಕೃತ ಪ್ರತಿ ಪಡೆಯಿರಿ. ಭೂಬಳಕೆ ಬದಲಿಸಲು ಕರ್ನಾಟಕದ ನಗರ ಯೋಜನಾ ಕಾಯ್ದೆಯ 14ಎ ಕಲಮಿನಂತೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಹೋರಾಟಗಳು ಸೋಲುವುದು ಹೆಚ್ಚಾಗಿ ಇಲ್ಲೇ: ಸಾವಿರ ಸಹಿ ಇರುತ್ತವೆ, ಸರ್ವೆ ನಂಬರ್ ಇರುವುದಿಲ್ಲ, ಗಡುವೂ ಮುಗಿದಿರುತ್ತದೆ. ಪ್ರತಿ ಮನೆಯಿಂದ ಪ್ರತ್ಯೇಕ ಲಿಖಿತ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಪ್ಲಾನ್‌ನಲ್ಲಿ ಜಾಗ ವಸತಿ ಅಥವಾ ವಾಣಿಜ್ಯ ಎಂದಿದ್ದರೆ ದಾರಿ ಕಷ್ಟದ್ದು. ಆಗ ಪ್ಲಾನ್ ಪರಿಷ್ಕರಣೆಯ ಕರಡು ಹೊರಬಂದಾಗಲೇ ಉದ್ಯಾನವೆಂದು ಗುರುತಿಸುವಂತೆ ಲಿಖಿತವಾಗಿ ಕೇಳಬೇಕು.