ಸಂಪಾದಕರ ಉತ್ತರ: ಮನಸ್ಸಿಗೂ ಅಂಕವೇ?

(ದಾವಣಗೆರೆಯ ಪಿಯು ಉಪನ್ಯಾಸಕರೊಬ್ಬರ ಪತ್ರದ ಸಾರ: ‘ಹದಿನಾರರ ಮಗ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದಾನೆ. ಹೋದಾಗಲೆಲ್ಲ ಅದೇ ಒಂಬತ್ತು ಪ್ರಶ್ನೆಯ ಹಾಳೆ ತುಂಬಿಸುತ್ತಾರೆ. ಮನಸ್ಸಿಗೂ ಅಂಕವೇ? ಮೊಬೈಲು, ವಂಶವಾಹಿ ಎಲ್ಲ ನೋಡಿ ಇವನಿಗೆ ಇದೇ ಮಾತ್ರೆ ಎಂದು ಹೇಳುವ ಎಐ ಇಲ್ಲವೇ?’)

ಮೇಷ್ಟ್ರೇ, ಮಗನ ವಿಷಯ ಮುಚ್ಚಿಡದೆ ಬರೆದಿದ್ದೀರಿ, ದೊಡ್ಡ ಮನಸ್ಸು. ಆದರೆ ವರ್ಷವಿಡೀ ಕಿರುಪರೀಕ್ಷೆ ನಡೆಸುವ ನೀವೇ ಆ ಹಾಳೆಯನ್ನು ಹೀಗಳೆಯಬಹುದೇ?

ಯಂತ್ರದ ಮಾತು ಮೊದಲು ಮುಗಿಸೋಣ. ವಂಶವಾಹಿ ಪರೀಕ್ಷೆಗೂ ಒಂದು ಜಾಗವಿದೆ. ಔಷಧವನ್ನು ಒಡೆದು ಹೊರಹಾಕುವ ಸಿವೈಪಿ2ಸಿ19 ಎಂಬ ಕಿಣ್ವ ಮಂದವಾಗಿರುವವರ ರಕ್ತದಲ್ಲಿ ಎಸ್ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಹೆಚ್ಚು ಉಳಿಯುತ್ತದೆ, ಡೋಸ್ ಇಳಿಸಬೇಕಾಗಬಹುದು. ಮಾತ್ರೆಯಿಂದ ಹುಡುಗ ಗೆಲುವಾಗುತ್ತಾನೋ ಇಲ್ಲವೋ ಎಂಬುದನ್ನು ಆ ವರದಿ ಹೇಳದು. ಮುನ್ಸೂಚನೆಯ ಗಣಕ ಮಾದರಿಗಳ ಬಣ್ಣ 2024ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲೇ ಬಯಲಾಯಿತು: ಸ್ಕಿಜೋಫ್ರೇನಿಯಾ ಔಷಧದ ಒಂದು ಪ್ರಯೋಗದ ಮಾಹಿತಿಯಲ್ಲಿ ಕಲಿತು ಅಲ್ಲಿ ಸೊಗಸಾಗಿ ಊಹಿಸಿದ ಮಾದರಿ, ಇನ್ನೊಂದು ಪ್ರಯೋಗದ ರೋಗಿಗಳ ಮುಂದೆ ನಾಣ್ಯ ಚಿಮ್ಮಿದಷ್ಟೇ.

ಹಾಗೆಂದು ವೈದ್ಯರ ಅನುಭವದ ಕಣ್ಣೊಂದೇ ಸಾಕೇ? ಅಮೆರಿಕದಲ್ಲಿ ಆಪ್ತಸಮಾಲೋಚನೆಗೆ ಬಂದ 550 ಮಂದಿಯ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅವರಲ್ಲಿ 40 ಮಂದಿಯ ಸ್ಥಿತಿ ಹದಗೆಟ್ಟಿತು. ಹದಗೆಡುತ್ತದೆ ಎಂದು ಚಿಕಿತ್ಸಕರು ಮೊದಲೇ ಹೇಳಿದ್ದು ಮೂವರ ಬಗ್ಗೆ ಮಾತ್ರ, ಅದರಲ್ಲೂ ನಿಜವಾದದ್ದು ಒಬ್ಬರದೇ. ಇನ್ನು ಖಿನ್ನತೆಯಿದ್ದ 12ರಿಂದ 17ರ 439 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ‘ಟ್ಯಾಡ್ಸ್’ ಪ್ರಯೋಗ. ಫ್ಲೂಆಕ್ಸೆಟಿನ್ ಮಾತ್ರೆಯ ಜೊತೆಗೆ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಪಡೆದವರಲ್ಲಿ ಶೇ 71 ಮಂದಿ ಸಾಕಷ್ಟು ಸುಧಾರಿಸಿದರು. ಉಳಿದ 29ರಲ್ಲಿ ಯಾರಿರುತ್ತಾರೆಂದು ಮೊದಲ ದಿನ ಹೇಳಲು ಬಾರದು. ಎರಡು ವಾರಕ್ಕೊಮ್ಮೆ ಅಳೆದರೆ ಬೇಗ ಗೊತ್ತಾಗುತ್ತದೆ. ನನ್ನ ಪಕ್ಷಪಾತ ಇರುವುದು ಇಲ್ಲೇ.

ನಿಮ್ಮ ಮಗ ತುಂಬುವ ಹಾಳೆ ಬಹುಶಃ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9, ಅಥವಾ ಅದರ ಹದಿಹರೆಯದ ರೂಪ. ಕಳೆದ ಎರಡು ವಾರದ್ದು ಕೇಳುತ್ತದೆ. ಪ್ರಶ್ನೆಗೆ 0ರಿಂದ 3, ಒಟ್ಟು ಹೆಚ್ಚೆಂದರೆ 27. ಹತ್ತು ಮುಟ್ಟಿದರೆ ಮಧ್ಯಮ, ಇಪ್ಪತ್ತು ಮುಟ್ಟಿದರೆ ತೀವ್ರ. ಐದು ಅಂಕ ಇಳಿದರೆ ಅದು ಲೆಕ್ಕಕ್ಕೆ ಬರುವ ಬದಲಾವಣೆ; ಐದರ ಕೆಳಗೆ ಬಂದು ನಿಂತರೆ ನಿರಾಳ. ಆದರೆ ಒಟ್ಟು ಅಂಕಕ್ಕಿಂತ ಅದು ಎಲ್ಲಿಂದ ಬಂತು ಎನ್ನುವುದು ಮುಖ್ಯ. ಇಬ್ಬರು ಹುಡುಗರಿಗೂ 14 ಎನ್ನಿ. ಒಬ್ಬನಿಗೆ ಪೂರ್ತಿ ಮೂರು ಬಿದ್ದಿರುವುದು ನಿದ್ದೆ, ಸುಸ್ತು, ಏಕಾಗ್ರತೆಯ ಸಾಲುಗಳಲ್ಲಿ; ರಾತ್ರಿ ಎರಡರವರೆಗಿನ ಓದು, ಮೊಬೈಲನ್ನೇ ಮೊದಲು ವಿಚಾರಿಸಬೇಕು. ಇನ್ನೊಬ್ಬನಿಗೆ ಪೂರ್ತಿ ಮೂರು ಬಿದ್ದಿರುವುದು ‘ನಾನು ಯಾತಕ್ಕೂ ಬಾರದವನು’ ಎಂಬ ಸಾಲಿನಲ್ಲಿ. ಅವನಿಗೆ ಮಾತಿನ ಚಿಕಿತ್ಸೆ ಬೇಕು. ನೀವು ಕೇಳಿದ ‘ಇವನಿಗೆ ಇದೇ’ ಎಂಬುದು ಶುರುವಾಗುವುದೇ ಇಲ್ಲಿಂದ.

ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಒಟ್ಟು ಎಷ್ಟೇ ಕಡಿಮೆಯಿರಲಿ, ಅಲ್ಲಿ ಸೊನ್ನೆಯಲ್ಲದ್ದೇನು ಬಂದರೂ ಅವತ್ತೇ ಕೂತು ಮಾತಾಡಬೇಕು. ಮಾತ್ರೆ ಶುರುವಾದ, ಡೋಸ್ ಬದಲಾದ ಮೊದಲ ವಾರಗಳಲ್ಲಿ ಇನ್ನೂ ಹೆಚ್ಚು ಎಚ್ಚರ. ಅಮೆರಿಕದ ಎಫ್‌ಡಿಎ ಎಂಬ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ಇದನ್ನು ಹೇಳಿದೆ. ರಾತ್ರಿ ಹೊತ್ತಿಗೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, 14416.

ಕೆಡುವುದು ಎಲ್ಲಿ ಗೊತ್ತೇ? ಅಮ್ಮ ಪಕ್ಕದಲ್ಲೇ ಕೂತಿದ್ದರೆ ಮಗ ಸೊನ್ನೆ ಸೊನ್ನೆ ಬರೆಯುತ್ತಾನೆ. ಪರೀಕ್ಷೆ ವಾರದಲ್ಲಿ ಅಂಕ ಏರಿದರೆ ಮಾತ್ರೆಯೇ ಸೋತಿತೆಂದು ಮನೆಯವರು ಗಾಬರಿಬಿದ್ದು ನಿಲ್ಲಿಸುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು, ತುಂಬಿದ ಹಾಳೆ ಫೈಲಿಗೆ ಹೋಗಿ ಯಾರೂ ನೋಡದಿರುವುದು. ನೋಡದ ಹಾಳೆ ತುಂಬಿಸುವುದಕ್ಕಿಂತ ತುಂಬಿಸದಿರುವುದೇ ಮೇಲು. ಹುಡುಗರಿಗೆ ಇದು ಎರಡೇ ಭೇಟಿಯಲ್ಲಿ ತಿಳಿದುಹೋಗುತ್ತದೆ.

ನನ್ನ ಸಿಟ್ಟು ನಿಮ್ಮ ಮೇಲಲ್ಲ, ಮೇಷ್ಟ್ರೇ. ಈ ನಾಡಿನಲ್ಲಿ ಪಿಯು ಅಂಕಪಟ್ಟಿಯ ನಕಲು ಇಪ್ಪತ್ತು ವರ್ಷ ಬಿಟ್ಟು ಕೇಳಿದರೂ ಸಿಗುತ್ತದೆ. ಅದೇ ಹುಡುಗ ಎಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೊರಟರೆ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ವಾರ, ಯಾಕೆ ನಿಲ್ಲಿಸಿದರು ಎಂಬುದೆಲ್ಲ ಪ್ಲಾಸ್ಟಿಕ್ ಕವರಿನೊಳಗಿನ ಮಸುಕು ಚೀಟಿ. ಹೊಸ ವೈದ್ಯರು ಆಗಲೇ ಸೋತ ಮಾತ್ರೆಯಿಂದಲೇ ಮತ್ತೆ ಶುರುಮಾಡುತ್ತಾರೆ. ಇಷ್ಟನ್ನೂ ಒಂದು ಕಡೆ ಬರೆದಿಡಲಾಗದ ನಾವು ಎಐ ಬಗ್ಗೆ ವಿಚಾರಸಂಕಿರಣ ನಡೆಸುತ್ತೇವೆ!

ಒಂದು ನೋಟ್‌ಬುಕ್ ತನ್ನಿ. ತಾರೀಖು, ಮಾತ್ರೆ ಮತ್ತು ಡೋಸ್, ಒಟ್ಟು ಅಂಕ, ಆ ವಾರದ ವಿಶೇಷ. ನಾಲ್ಕು ಕಾಲಂ ಸಾಕು. ಬರೆಯುವವನು ಮಗನೇ ಆಗಿರಲಿ, ನೀವು ಕೇಳದೆ ತೆರೆಯಬೇಡಿ. ಮುಂದಿನ ಸಲ ವೈದ್ಯರನ್ನು ಇಷ್ಟೇ ಕೇಳಿ: ‘ಹೋದ ಸಲಕ್ಕಿಂತ ಯಾವ ಸಾಲು ಬದಲಾಗಿದೆ, ಅದಕ್ಕೆ ನೀವೇನು ಬದಲಿಸುತ್ತೀರಿ?’